ಉಡಿಯಲ್ಲಿ ಏನೋ

ಹುಣಸೆಕಟ್ಟೆ ಠಾಣೆಯ ಒಳಗೋಡೆಗೆ ಸಿಬ್ಬಂದಿಯ ಹೆಸರು ಬರೆದ ಹಲಗೆಯೊಂದಿದೆ. ಎಸ್‌ಐ ಅವರಿಂದ ಹಿಡಿದು ಹೋಂಗಾರ್ಡುಗಳವರೆಗೆ ಹನ್ನೊಂದು ಹೆಸರು. ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಆ ಹಲಗೆಯನ್ನು ಒರೆಸುವ ಪುಟ್ಟಕ್ಕನ ಹೆಸರು ಅದರಲ್ಲಿಲ್ಲ. ಹದಿನೆಂಟು ವರ್ಷಗಳಿಂದ ಅವಳು ಅಲ್ಲಿ ಕಸ ಗುಡಿಸುತ್ತಾಳೆ, ಲಾಕಪ್ಪಿನ ಕಕ್ಕಸು ತೊಳೆಯುತ್ತಾಳೆ, ನೀರು ತುಂಬಿಸುತ್ತಾಳೆ, ದಿನಕ್ಕೆ ನಾಲ್ಕು ಸಲ ಟೀ ಕಾಯಿಸುತ್ತಾಳೆ. ಅದು ಮುಗಿದ ಮೇಲೆ ಹಿಂದಿನ ಕ್ವಾರ್ಟರ್ಸಿಗೆ ಹೋಗಿ ಎಸ್‌ಐ ಮನೆಯ ಪಾತ್ರೆ ತಿಕ್ಕುತ್ತಾಳೆ. ಪಾತ್ರೆ ತಿಕ್ಕು ಎಂದು ಅವಳಿಗೆ ಯಾವ ಎಸ್‌ಐಯೂ ಹೇಳಿದ್ದಿಲ್ಲ, ಬೇಡ ಎಂದೂ ಯಾರೂ ಅಂದಿಲ್ಲ.

ಇದಲ್ಲದೆ ಇನ್ನೊಂದು ಕೆಲಸವಿತ್ತು. ಅಗಳಿ ಊರಿನಿಂದ ಮುಂದೆ ಹೋದರೆ ಗಡಿ, ಈಚೆ ತೆಲುಗು ರಾಜ್ಯ, ಆಚೆ ಕರ್ನಾಟಕದ ಶಿರಾ ಸೀಮೆ. ಅಲ್ಲಿಯ ಅಗ್ಗದ ಮದ್ಯದ ಪ್ಯಾಕೆಟ್ಟುಗಳು ಕದ್ದು ಇತ್ತ ಬರುತ್ತವೆ, ತರುವವರಲ್ಲಿ ಹೆಂಗಸರೂ ಇರುತ್ತಾರೆ. ಹೆಂಗಸಿನ ಮೈಯನ್ನು ಹೆಂಗಸೇ ತಪಾಸಣೆ ಮಾಡಬೇಕೆಂದು ಕಾನೂನು ಹೇಳುತ್ತದೆ. ಠಾಣೆಯಲ್ಲಿದ್ದ ಒಬ್ಬಳೇ ಮಹಿಳಾ ಕಾನ್‌ಸ್ಟೇಬಲನ್ನು ಸದಾ ಯಾವುದಾದರೊಂದು ಬಂದೋಬಸ್ತಿಗೆ ಕಳಿಸಿರುತ್ತಿದ್ದರು. ಹಾಗಾಗಿ ಜೀಪು ಬಂದು ಠಾಣೆಯ ಮುಂದೆ ಹಾರ್ನ್ ಹೊಡೆಯುತ್ತಿತ್ತು, ಪುಟ್ಟಕ್ಕ ಕೈಯಲ್ಲಿದ್ದ ಪೊರಕೆ ಬಿಟ್ಟು ಹತ್ತುತ್ತಿದ್ದಳು.

ಪಂಚನಾಮೆಯಲ್ಲಿ ಅವಳನ್ನು ಕಸ ಗುಡಿಸುವವಳೆಂದು ಬರೆಯುತ್ತಿರಲಿಲ್ಲ. ಸಾಕ್ಷಿಗಳು ಊರಿನ ಗೌರವಸ್ಥರಾಗಿರಬೇಕಲ್ಲ, ಅದಕ್ಕೆ ‘ಗೌರವಸ್ಥ ಸ್ಥಳೀಯ ಮಹಿಳೆ’ ಎಂದು ತೆಲುಗಿನಲ್ಲಿ ಬರೆಯುತ್ತಿದ್ದರು. ಠಾಣೆಯ ರೈಟರ್ ಬಾಲರಾಜು ಒಮ್ಮೆ ಅದನ್ನು ಅವಳಿಗೆ ಓದಿ ಹೇಳಿದ್ದ.

“ನೋಡ್ದಾ ಪುಟ್ಟಕ್ಕ, ನೀನು ಗೌರವಸ್ಥೆ ಅಂತ ಸರ್ಕಾರದ ಕಾಗದದಾಗೇ ಐತೆ.”

“ಹಂಗಾದ್ರೆ ಆ ಗೌರವಸ್ಥೆಗೆ ಒಂದು ಹೊಸಾ ಪೊರಕೆ ಕೊಡ್ಸಣ್ಣ. ಇದು ಬೋಳಾಗಿ ಆರು ತಿಂಗಳಾತು.”

ಪುಟ್ಟಕ್ಕ ಕನ್ನಡ ಶಾಲೆಯಲ್ಲಿ ಐದನೆಯ ತರಗತಿವರೆಗೆ ಓದಿದವಳು. ತೆಲುಗನ್ನು ನೀರು ಕುಡಿದಷ್ಟು ಸಲೀಸಾಗಿ ಮಾತಾಡುತ್ತಾಳೆ, ಓದಲು ಬಾರದು. ತೆಲುಗಿನ ಕಾಗದದ ಕೆಳಗೆ ಬಾಲರಾಜು ಬೆರಳಿಟ್ಟು ತೋರಿಸಿದ ಕಡೆ ಗುಂಡಗಿನ ಕನ್ನಡ ಅಕ್ಷರದಲ್ಲಿ ‘ಪುಟ್ಟಕ್ಕ’ ಎಂದು ಬರೆಯುತ್ತಾಳೆ.

ಆ ಕೆಲಸವನ್ನು ಅವಳು ಚೆನ್ನಾಗಿಯೇ ಮಾಡುತ್ತಿದ್ದಳು. ಮನೆಯಿಂದ ತಂದಿಟ್ಟುಕೊಂಡಿದ್ದ ಹಳೆಯ ಸೀರೆಯೊಂದನ್ನು ಚೆಕ್‌ಪೋಸ್ಟಿನ ಬಸ್ ತಂಗುದಾಣದ ಕಂಬಕ್ಕೂ ಗೋಡೆಯ ಮೊಳೆಗೂ ಅಡ್ಡ ಕಟ್ಟಿ ಮರೆ ಮಾಡುತ್ತಿದ್ದಳು. “ನಿನ್ ತಾಯಿ ವಯಸ್ಸಿನೋಳು ಕಣವ್ವ, ಗೋಡೆ ಕಡೆ ತಿರುಗಿ ನಿಂತ್ಕ” ಎನ್ನುತ್ತಿದ್ದಳು. ಬಟ್ಟೆಯ ಮೇಲಿಂದಲೇ ಅಂಗೈ ಸವರುತ್ತಿದ್ದಳು. ಪ್ಯಾಕೆಟ್ಟಿನ ಮೂಲೆ ಕೈಗೆ ಚುಚ್ಚುತ್ತದೆ, ಮೈ ಚುಚ್ಚುವುದಿಲ್ಲ. ಅಷ್ಟು ತಿಳಿಯಲು ಏನನ್ನೂ ಬಿಚ್ಚಿಸಬೇಕಿಲ್ಲ ಎನ್ನುವುದು ಅವಳ ಅನುಭವ. ಮುಟ್ಟಾದ ಹೆಂಗಸರಿಗೆ “ಸರಿ ಹೋಗು” ಎಂದು ಬೆನ್ನು ತಟ್ಟಿ ಕಳಿಸಿದ್ದುಂಟು. ಇದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಅವಳು ನಾಚಿಕೆಪಡಬೇಕಾದದ್ದು ಹದಿನೆಂಟು ವರ್ಷಗಳ ಕೆಲಸದಲ್ಲಿ ಒಂದೇ ಒಂದು ದಿನಕ್ಕೆ. ಆ ದಿನದ ನಾಚಿಕೆ ಮಾತ್ರ ಮುಗಿಯಲಿಲ್ಲ.

ಅದು ನಾಗರಪಂಚಮಿ ಕಳೆದ ವಾರ. ಬೆಳಿಗ್ಗೆ ಎಸ್‌ಐ ಮನೆಯ ಬಾಣಲೆ ತಿಕ್ಕುತ್ತಿದ್ದಾಗ ಮಗಳು ಶ್ರಾವಣಿಯ ಫೋನು ಬಂತು. ಶ್ರಾವಣಿಯನ್ನು ಹೇಮಾವತಿ ಊರಿಗೆ ಕೊಟ್ಟಿದ್ದರು. ಅವಳಿಗೀಗ ಏಳು ತಿಂಗಳು. ಮುಂದಿನ ತಿಂಗಳು ಸೀಮಂತ.

“ಅಮ್ಮ, ಮಡ್ಲಕ್ಕಿ ಅತ್ತೆ ಕೈಲಿ ಹಾಕ್ಸನ ಅಂತಿದಾರೆ.” ಅತ್ತೆಯೆಂದರೆ ತೀರಿಹೋದ ಗಂಡ ಮುದ್ದಪ್ಪನ ತಂಗಿ, ಪುಟ್ಟಕ್ಕನ ನಾದಿನಿ. “ನೀನು ಬೇಜಾರ್ ಮಾಡ್ಕಬೇಡ. ಅಡಿಗೆ ಮನೇಲಿ ನೀನಿದ್ರೆ ನಂಗೆ ಧೈರ್ಯ.”

“ನಂಗ್ಯಾಕವ್ವ ಬೇಜಾರು” ಎಂದು ಪುಟ್ಟಕ್ಕ ಫೋನು ಇಟ್ಟಳು.

ಗಂಡ ಸತ್ತು ಒಂಬತ್ತು ವರ್ಷ. ಮಗಳ ಮದುವೆಯಲ್ಲೂ ಹೀಗೆಯೇ ಆಗಿತ್ತು. ಮಡಿಲಿಗೆ ಹಾಕುವ ಅಕ್ಕಿಯ ಕಲ್ಲು ಆರಿಸಿದವಳು ಪುಟ್ಟಕ್ಕ. ಅರಿಶಿನ ಕಲಸಿದವಳು, ಕೊಬ್ಬರಿ ಒಡೆದವಳು, ರವಿಕೆ ಕಣ ಮಡಿಸಿಟ್ಟವಳು ಅವಳೇ. ಎಲ್ಲವನ್ನೂ ಮೊರದಲ್ಲಿಟ್ಟು ಅಡುಗೆ ಮನೆಯ ಬಾಗಿಲವರೆಗೆ ತಂದಳು. ಅಲ್ಲಿಂದಾಚೆ ಮೊರವನ್ನು ನಾದಿನಿ ಇಸಿದುಕೊಂಡಳು. ದುಡಿಯುವ ಕೈಗೆ ಮೈಲಿಗೆಯಿಲ್ಲ, ಹರಸುವ ಕೈಗೆ ಮಾತ್ರ ಇದೆ.

ಫೋನು ಇಟ್ಟು ಅರ್ಧ ಗಂಟೆಯಾಗಿರಲಿಲ್ಲ, ಜೀಪಿನ ಹಾರ್ನ್ ಕೇಳಿಸಿತು.

ಗಡಿಯ ಚೆಕ್‌ಪೋಸ್ಟಿನಲ್ಲಿ ಶಿರಾದಿಂದ ಮಡಕಶಿರಾಕ್ಕೆ ಹೋಗುವ ಬಸ್ಸು ನಿಂತಿತ್ತು. ಸೀಟಿನ ಕೆಳಗೆ ಬಟ್ಟೆಯ ಚೀಲವೊಂದು ಸಿಕ್ಕಿತ್ತು, ಅದರ ತುಂಬ ಕರ್ನಾಟಕದ ಪ್ಯಾಕೆಟ್ಟು. ಚೀಲ ಯಾರದೆಂದರೆ ಯಾರೂ ಬಾಯಿ ಬಿಡಲಿಲ್ಲ. ಆ ಸೀಟಿನಲ್ಲಿ ಕುಳಿತಿದ್ದವಳು ಇಪ್ಪತ್ತಾರು ವರ್ಷದ ಸ್ವಪ್ನಾ. ಮಡಕಶಿರಾದಲ್ಲಿ ಪಾತ್ರೆ ಅಂಗಡಿ ಇಟ್ಟಿರುವ ವಾಗೀಶನ ಹೆಂಡತಿ. ರಾಯದುರ್ಗದ ಕಡೆ ಕಣೇಕಲ್ಲು ಅವಳ ತವರು. ಪಂಚಮಿಗೆ ತವರಿಗೆ ಹೋದವಳು ಚಳ್ಳಕೆರೆ, ಹಿರಿಯೂರು, ಶಿರಾ ಎಂದು ಬಸ್ಸು ಬದಲಿಸುತ್ತ ಗಂಡನ ಮನೆಗೆ ಹೊರಟಿದ್ದಳು. ಹಸಿರು ರೇಷ್ಮೆ ಸೀರೆ, ಕೈ ತುಂಬ ಬಳೆ, ಹೊಟ್ಟೆಯ ಮುಂದೆ ಸೆರಗಿನಲ್ಲಿ ಕಟ್ಟಿದ ಗಂಟು. ಎಸ್‌ಐ ಕಿರಣ್ ಕುಮಾರನ ಕಣ್ಣು ಬಿದ್ದದ್ದು ಆ ಗಂಟಿನ ಮೇಲೆ. ಅವನು ಸಮುದ್ರದ ಕಡೆಯ ಜಿಲ್ಲೆಯವನು, ಈ ಸೀಮೆಗೆ ಬಂದು ನಾಲ್ಕು ತಿಂಗಳಾಗಿತ್ತು. ಕನ್ನಡ ಬಾರದು.

ಪುಟ್ಟಕ್ಕ ಸೀರೆಯ ಮರೆ ಕಟ್ಟಿದಳು. ಹೊಸ ಕಾನೂನಿನಂತೆ ತಪಾಸಣೆಯನ್ನು ವಿಡಿಯೊ ಮಾಡಬೇಕಿತ್ತು. ಕಾನ್‌ಸ್ಟೇಬಲ್ ಒಬ್ಬ ಫೋನು ಹಿಡಿದು ಮರೆಯ ಆಚೆ ನಿಂತ. ಫೋನಿಗೆ ಕಾಣುತ್ತಿದ್ದದ್ದು ಹಳೆಯ ಸೀರೆಯ ಹೂಗಳು ಮಾತ್ರ.

ಮರೆಯೊಳಗೆ ಸ್ವಪ್ನಾ ತೆಲುಗು ಮಾತಾಡಲಿಲ್ಲ. ಅವಳಿಗೆ ತೆಲುಗು ಬಾರದೆಂದಲ್ಲ. ಹೆಂಗಸಿನ ಹತ್ತಿರ ಆಡುವ ಮಾತೆಂದು ದನಿ ತಗ್ಗಿಸಿ, ತನ್ನೂರಿನ ಕನ್ನಡದಲ್ಲಿ ಅಂದಳು: “ಅಮ್ಮಾ, ನಾನು ಉಡಿ ತುಂಬಿಸ್ಕೊಂಡು ಬಂದೀನ್ರಿ. ಮನಿಗೆ ಹೋಗಿ ದೇವರ ಮುಂದ ಬಿಚ್ಚಬೇಕ್ರಿ. ಇದೊಂದು ಮುಟ್ಟಬ್ಯಾಡ್ರಿ, ಬ್ಯಾರೆ ಎಲ್ಲಾ ನೋಡ್ಕೊಳ್ರಿ.”

ಈ ಕಡೆ ಮಡ್ಲಕ್ಕಿ ಎನ್ನುತ್ತಾರೆ, ಆ ಕಡೆ ಉಡಿ ತುಂಬುವುದು. ಎರಡೂ ಒಂದೇ ಎಂದು ಪುಟ್ಟಕ್ಕನಿಗೆ ಮಾತು ಮುಗಿಯುವ ಮೊದಲೇ ಗೊತ್ತಾಯಿತು. ಅಂಗೈ ಆಗಲೇ ಗಂಟಿನ ಮೇಲಿತ್ತು. ಬಟ್ಟೆಯ ಮೇಲಿಂದ ಅಕ್ಕಿ ಅಕ್ಕಿಯಾಗಿಯೇ ಸಿಕ್ಕಿತು, ಕೊಬ್ಬರಿ ಬಟ್ಟಲು ಕೊಬ್ಬರಿಯಾಗಿಯೇ. ಯಾವುದೂ ಚುಚ್ಚಲಿಲ್ಲ.

“ಏಮಂಟೋಂದಿ?” ಏನಂತಾಳೆ ಎಂದು ಎಸ್‌ಐ ಆಚೆಯಿಂದ ಕೂಗಿದ.

ಪುಟ್ಟಕ್ಕ ತೆಲುಗಿನಲ್ಲಿ ಉತ್ತರ ಕೊಟ್ಟಳು: “ಒಡಿಲೋ ಏದೋ ನಿಂಪುಕೊಚ್ಚಿಂದಂಟ ಸಾರ್.”

ಮಡಿಲಲ್ಲಿ ಏನೋ ತುಂಬಿಕೊಂಡು ಬಂದಿದ್ದಾಳಂತೆ.

‘ಏದೋ’ ಎಂದರೆ ‘ಏನೋ’. ಸ್ವಪ್ನಾ ಅಂದದ್ದರಲ್ಲಿ ಆ ಮಾತಿರಲಿಲ್ಲ. ಉಡಿ ತುಂಬಿಸಿಕೊಂಡೆ ಎಂದರೆ ತವರಿನವರು ಹರಸಿ ಕಳಿಸಿದರು ಎಂದರ್ಥ. ಉಡಿಯಲ್ಲಿ ಏನೋ ತುಂಬಿಕೊಂಡಳು ಎಂದರೆ ಕದ್ದು ತಂದಳು ಎಂದೇ ಅರ್ಥ.

“ಅಯ್ಯೋ, ಹಂಗಲ್ರಿ! ಸಾರ್, ಬಿಯ್ಯಂ ಸಾರ್...” ಅಕ್ಕಿ ಎಂದು ಸ್ವಪ್ನಾ ಈಗ ತೆಲುಗಿನಲ್ಲೇ ಕೂಗಿದಳು. ಅಷ್ಟರಲ್ಲಿ ಕಡಪಾಕಲ್ಲು ತುಂಬಿದ ಲಾರಿಯೊಂದು ಚೆಕ್‌ಪೋಸ್ಟು ದಾಟಿತು. ಅದರ ಸದ್ದಿನಲ್ಲಿ ಅಕ್ಕಿಯೂ ಹೋಯಿತು, ಸಾರ್ ಕೂಡ ಹೋಯಿತು. ಎಸ್‌ಐಗೆ ಬೇಕಾಗಿದ್ದದ್ದು ಕೇಳಿಸಿಯಾಗಿತ್ತು. “ವಿಪ್ಪು” ಎಂದ. ಬಿಚ್ಚು.

ಪುಟ್ಟಕ್ಕ ಬಿಚ್ಚಿದಳು.

ಅರಿಶಿನ ಹಚ್ಚಿದ ಅಕ್ಕಿ ಅವಳ ಪಾದದ ಮೇಲೆ ಸುರಿದು ತಂಗುದಾಣದ ಸಿಮೆಂಟಿನ ಮೇಲೆ ಹರಡಿತು. ಎರಡು ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನದ ಕೊಂಬು, ಬಾಡಿದ ವೀಳ್ಯದೆಲೆ, ಮಡಿಸಿದ ರವಿಕೆ ಕಣ. ಬೀಡಿಯ ತುಂಡುಗಳ ನಡುವೆ. ಸ್ವಪ್ನಾ ಕುಕ್ಕರುಗಾಲಿನಲ್ಲಿ ಕೂತು ಎರಡೂ ಕೈಯಿಂದ ಬಾಚತೊಡಗಿದಳು. ಬಗ್ಗಿ ಕಸ ಬಾಚುವುದೇ ಬಾಳಾಗಿದ್ದ ಪುಟ್ಟಕ್ಕ ಆಗ ಬಗ್ಗಲಿಲ್ಲ. ನಿಂತು ನೋಡಿದಳು. ನೋಡುತ್ತಿದ್ದಾಗ ಎದೆಯೊಳಗೆ ಏನೋ ಒಂದು ಸಣ್ಣಗೆ ತಣ್ಣಗಾಯಿತು. ಅದು ಸಂತೋಷವೆಂದು ಅವಳಿಗೆ ಗೊತ್ತಾದದ್ದು ಆಮೇಲೆ.

“ಏಮೀ ಲೇದು ಸಾರ್,” ಏನೂ ಇಲ್ಲ ಎಂದು ಕೂಗಿ ಹೇಳಿದಳು. ಅದನ್ನಂತೂ ನಿಜವೇ ಹೇಳಿದಳು. ಫೋನು ಹಿಡಿದವನು ಅಷ್ಟು ಹೊತ್ತಿಗೆ ವಿಡಿಯೊ ನಿಲ್ಲಿಸಿದ್ದ.

ಚೀಲ ಅವಳ ಸೀಟಿನ ಕೆಳಗೆ ಸಿಕ್ಕಿದ್ದೆಂದು ಸ್ವಪ್ನಾಳನ್ನು ಠಾಣೆಗೆ ತಂದು ಬೆಂಚಿನ ಮೇಲೆ ಕೂರಿಸಿದರು. ಪುಟ್ಟಕ್ಕ ಟೀಗೆ ಹಾಲಿಟ್ಟಿದ್ದಾಗ ಬಾಲರಾಜು ಕಾಗದ ಹಿಡಿದು ಅಡುಗೆ ಮೂಲೆಗೇ ಬಂದ.

“ಇಲ್ಲೊಂದು ಸಯ್ಯಿ ಹಾಕಕ್ಕ.”

“ಏನ್ ಬರ್ದೈತಣ್ಣ?”

“ಯಾವಾಗ್ಲೂ ಬರಿಯೋದೇ. ಹಾಕು ಹಾಕು, ಹಾಲು ಉಕ್ತೈತೆ.”

ಹಾಲು ಉಕ್ಕುತ್ತಿತ್ತು. ಒಂದು ಕೈಯಿಂದ ಪಾತ್ರೆ ಇಳಿಸಿ ಇನ್ನೊಂದು ಕೈಯಿಂದ ಸಹಿ ಹಾಕಿದಳು. ಎರಡನೆಯ ಸಲ ಕೇಳಲಿಲ್ಲ. ಟೀ ಹಂಚಿ ಮುಗಿಸಿ ಬೆಂಚಿನ ಮೇಲಿದ್ದವಳಿಗೆ ಚೊಂಬಿನಲ್ಲಿ ನೀರು ಒಯ್ದಳು. ಸ್ವಪ್ನಾ ಸೆರಗಿನ ತುದಿಯಲ್ಲಿ ಉಳಿದ ಅಕ್ಕಿಯನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು.

“ನಿಮ್ ಕೈಯಾಗಿನ ನೀರು ಬ್ಯಾಡ್ರಿ” ಎಂದಳು. ಅಷ್ಟು ಸಿಟ್ಟಿನಲ್ಲೂ ‘ರಿ’ ಬಿಟ್ಟಿರಲಿಲ್ಲ.

ವಾಗೀಶ ಬಂದು ಮುಚ್ಚಳಿಕೆ ಬರೆದುಕೊಟ್ಟು, ಹೊತ್ತು ಮುಳುಗುವ ಮೊದಲು ಹೆಂಡತಿಯನ್ನು ಕರೆದೊಯ್ದ. ಕೇಸು ಮಾತ್ರ ಉಳಿಯಿತು.

ಆಮೇಲಿನ ಸುದ್ದಿಯೆಲ್ಲ ಬಾಲರಾಜುವಿನಿಂದ ಬಂತು, ಟೀ ಕುಡಿಯುವಾಗ, ಬಿಡಿ ಬಿಡಿಯಾಗಿ. ತಪ್ಪೊಪ್ಪಿಕೊಂಡು ದಂಡ ಕಟ್ಟಿ ಮುಗಿಸೋಣ ಎಂದು ಗಂಡ ಹೇಳಿದನಂತೆ. ಮಾಡದ ತಪ್ಪು ಹೇಗೆ ಒಪ್ಪಲಿ ಎಂದು ಸ್ವಪ್ನಾ ಕೂತಿದ್ದಾಳಂತೆ.

“ಆಯಮ್ಮನ ಅತ್ತೆ ಅಂಬಮ್ಮ ಭಾರೀ ಆಚಾರ. ರಸ್ತೇಲಿ ಉಡಿ ಬಿಚ್ಚಿಸ್ಕೊಂಡು ಬಂದೋಳು ಅಂತ ಸೊಸೇನ ದೇವರ ಮನೆಗೆ ಸೇರಿಸ್ತಿಲ್ವಂತೆ.”

“ಅಡಿಗೆ ಮನೆಗೆ?”

“ಅಡಿಗೆ ಯಾರ್ ಮಾಡ್ತಾರೆ ಮತ್ತೆ? ಒಂಬತ್ತು ಜನ ಅವ್ರೆ ಮನೇಲಿ.” ಬಾಲರಾಜು ನಕ್ಕ. ಪುಟ್ಟಕ್ಕನಿಗೆ ನಗು ಬರಲಿಲ್ಲ. ದೇವರಿಗೆ ಆಗದವಳು ಒಂಬತ್ತು ಜನರ ಒಲೆಗೆ ಆಗುತ್ತಾಳೆ. ತನ್ನ ಮನೆಯ ಲೆಕ್ಕವೇ ಅಲ್ಲಿಯದೂ ಎಂದುಕೊಂಡಳು. ಆ ಹುಡುಗಿಯನ್ನು ಆ ಕಡೆ ದೂಡಿದ್ದು ತಾನೇ. ಖಾಲಿ ಲೋಟಗಳನ್ನು ಎತ್ತಿಕೊಂಡು ತೊಳೆಯಲು ಹೋದಳು.

ಹೇಮಾವತಿಯಲ್ಲಿ ಸೀಮಂತ ನಡೆಯಿತು. ಪುಟ್ಟಕ್ಕ ಐವತ್ತು ಜನರಿಗೆ ಅನ್ನ ಬಸಿದಳು. ಬಾಗಿಲ ಸಂದಿಯಿಂದ ನೋಡಿದಾಗ ನಾದಿನಿಯ ಬೊಗಸೆಯಿಂದ ಅಕ್ಕಿ ಶ್ರಾವಣಿಯ ಮಡಿಲಿಗೆ ಬೀಳುತ್ತಿತ್ತು. ಈ ಸಲ ಅವಳಿಗೆ ಹೊಟ್ಟೆ ಉರಿಯಲಿಲ್ಲ. ಯಾವುದಾದರೂ ಬಸ್ಸಿನಲ್ಲಿ ಯಾವಳಾದರೂ ಒಬ್ಬಳು ಇದನ್ನು ಬಿಚ್ಚಿದರೆ ಎಂದು ಹೆದರಿಕೆಯಾಯಿತು. ಮಗಳು ಸನ್ನೆ ಮಾಡಿ ಕರೆದರೂ ಹೊರಗೆ ಬರಲಿಲ್ಲ, ಪಲ್ಯ ತಳ ಹಿಡಿಯುತ್ತದೆ ಎಂದಳು.

ಕೋರ್ಟಿನ ಸಮನ್ಸು ಬಂದ ದಿನ ಬಾಲರಾಜು ಅವಳನ್ನು ಕೂರಿಸಿಕೊಂಡು ಹೇಳಿಕೊಟ್ಟ. “ಏನಿಲ್ಲ ಪುಟ್ಟಕ್ಕ. ‘ಉಡೀಲಿ ಏನೋ ಐತೆ ಅಂತ ಆಕೇನೇ ಒಪ್ಕೊಂಡ್ಳು, ನಾನು ಮರ್ಯಾದೆಯಿಂದ ಬಿಚ್ಚಿ ನೋಡ್ದೆ, ನಾಲ್ಕು ಪ್ಯಾಕೆಟ್ಟು ಸಿಕ್ವು’ ಅನ್ನು. ಮುಗೀತು.”

“ನಾಲ್ಕು ಪ್ಯಾಕೆಟ್ಟಾ? ಎಲ್ಲಿಂದ ಸಿಕ್ವಣ್ಣ?”

“ಉಡಿಯಿಂದ.”

“ಉಡೀಲಿ ಇದ್ದಿದ್ದು ಅಕ್ಕಿ.”

ಬಾಲರಾಜು ಎದ್ದು ಬಾಗಿಲು ಎಳೆದು ಬಂದು ಕೂತ. ಅವನು ಕೆಟ್ಟವನಲ್ಲ. ಮುದ್ದಪ್ಪ ಸತ್ತಾಗ ವಿಧವಾ ಪಿಂಚಣಿಯ ಅರ್ಜಿ ತುಂಬಿ ಮೂರು ಸಲ ಆಫೀಸಿಗೆ ಅಲೆದವನು ಅವನೇ.

“ಚೀಲ ಯಾರ್ದೂ ಅಲ್ಲ ಅಂತ ಬರ್ದ್ರೆ ಕೇಸು ನಿಲ್ಲಲ್ಲ ಕಣಕ್ಕ. ಸಾಹೇಬ್ರಿಗೆ ಮೇಲಿಂದ ದಿನಾ ಫೋನು. ನೀನೇ ಏದೋ ಅಂದ್ಯಲ್ಲ, ವಿಡಿಯೋದಾಗೈತೆ. ಅದ್ರ ಮ್ಯಾಲೇ ಎಲ್ಲಾ ನಿಂತೈತೆ. ಈಗ ನೀನು ಉಲ್ಟಾ ಹೊಡುದ್ರೆ ನಿನ್ನ ಇಲ್ಲಿ ಇಟ್ಕಳ್ಳಕ್ಕೆ ನನ್ ಕೈಲಿ ಆಗಲ್ಲ. ಕಸ ಗುಡಿಸೋಕೆ ನೂರು ಜನ ಬತ್ತಾರೆ.”

ಅದರ ಮೇಲೇ ಎಲ್ಲಾ ನಿಂತೈತೆ. ತಾನು ಬಾಯಿಂದ ಉದುರಿಸಿದ ಎರಡು ಅಕ್ಷರದ ಮೇಲೆ ಇವರು ನಾಲ್ಕು ಪ್ಯಾಕೆಟ್ಟು ಜೋಡಿಸಿ, ಅದರ ಮೇಲೆ ಒಂದು ಹೆಣ್ಣಿನ ಹೆಸರು ಬರೆದಿದ್ದರು. ಮರೆಯೊಳಗೆ ನಡೆದ ಮಾತನ್ನು ಕೇಳಿದ್ದವರು ಇಬ್ಬರೇ. ಅವರಲ್ಲಿ ಒಬ್ಬಳು ಆರೋಪಿ.

ಮಡಕಶಿರಾ ಕೋರ್ಟಿನಲ್ಲಿ ಮಾತೆಲ್ಲ ತೆಲುಗಿನಲ್ಲಿ ನಡೆಯಿತು. ಸ್ವಪ್ನಾ ಹಿಂದಿನ ಗೋಡೆಗೆ ಒರಗಿ ನಿಂತಿದ್ದಳು. ಅವಳ ವಕೀಲೆ ಮಂಜುಳ, ಗಿಡ್ಡ ಹೆಂಗಸು, ಪಂಚನಾಮೆ ತಂದು ಪುಟ್ಟಕ್ಕನ ಮುಂದೆ ಹಿಡಿದಳು.

“ಈ ಸಹಿ ನಿಮ್ಮದಾ?”

“ಹೌದಮ್ಮ.”

“ಕನ್ನಡದಲ್ಲಿದೆ. ಮೇಲೆ ಏನು ಬರೆದಿದೆ ಓದಿ ಹೇಳಿ.”

“ನಂಗೆ ತೆಲುಗು ಓದೋಕೆ ಬರಲ್ಲ.”

“ಹದಿನೆಂಟು ವರ್ಷದಲ್ಲಿ ಇಂಥ ಎಷ್ಟು ಕಾಗದಕ್ಕೆ ಸಹಿ ಹಾಕಿದ್ದೀರಿ?”

ಅದು ಪುಟ್ಟಕ್ಕನಿಗೆ ಗೊತ್ತಿರಲಿಲ್ಲ. ಆ ಕಾಗದಗಳಲ್ಲಿ ಏನೇನಿತ್ತೋ ಎಂಬುದು ಆ ನಿಮಿಷದಲ್ಲಿ ಮೊದಲ ಸಲ ಹೊಳೆಯಿತು.

ಮಂಜುಳ ಕಾನೂನಿನ ಪುಸ್ತಕ ತೆರೆದು ಒಂದು ಸಾಲನ್ನು ಓದಿ ತೆಲುಗಿನಲ್ಲಿ ಹೇಳಿದಳು: ಹೆಣ್ಣನ್ನು ತಪಾಸಣೆ ಮಾಡಬೇಕಾಗಿ ಬಂದಾಗ ಇನ್ನೊಬ್ಬ ಹೆಣ್ಣೇ ಮಾಡಬೇಕು, ಮರ್ಯಾದೆಯ ಕಡೆ ಕಟ್ಟುನಿಟ್ಟಾಗಿ ಗಮನವಿಟ್ಟು ಮಾಡಬೇಕು. “ಇದನ್ನು ನಿಮಗೆ ಯಾರಾದರೂ ಹೇಳಿದ್ದರಾ?”

“ಇಲ್ಲಮ್ಮ. ಹೆಂಗಸು ಬೇಕು ಅಂತ ಕರೀತಿದ್ರು, ಅಷ್ಟೇ.”

ಸಾಲಿನ ಮೊದಲರ್ಧವನ್ನು ಠಾಣೆ ಇಟ್ಟುಕೊಂಡಿತ್ತು. ಉಳಿದರ್ಧವನ್ನು, ಅಂಥದೊಂದು ಸಾಲು ಇದೆಯೆಂದು ತಿಳಿಯದೆಯೇ, ಅವಳು ಇಷ್ಟು ವರ್ಷ ತನ್ನ ಅಂಗೈಯಲ್ಲಿ ಇಟ್ಟುಕೊಂಡಿದ್ದಳು. ಅದು ಕೈಜಾರಿದ ಒಂದೇ ದಿನ ಈಗ ಇಷ್ಟು ಜನರ ಮುಂದೆ ನಿಂತಿತ್ತು.

“ಉಡಿಯಿಂದ ಏನು ಬಂತು?”

“ಅಕ್ಕಿ. ಕೊಬ್ಬರಿ, ಉತ್ತತ್ತಿ, ಅರಿಶಿನ ಕೊಂಬು. ರವಿಕೆ ಕಣ.”

“ಪ್ಯಾಕೆಟ್ಟು?”

“ಒಂದೂ ಇರ್ಲಿಲ್ಲ.”

ಹಿಂದಿನ ಸಾಲಿನಲ್ಲಿದ್ದ ಬಾಲರಾಜು ತಲೆ ತಗ್ಗಿಸಿದ. ಸರ್ಕಾರಿ ವಕೀಲರು ಎದ್ದರು, ಸಾಕ್ಷಿ ತಿರುಗಿಬಿದ್ದಿದ್ದಾಳೆ, ತಾವೇ ಪ್ರಶ್ನೆ ಮಾಡಬೇಕು ಎಂದು ಅನುಮತಿ ಪಡೆದರು. ವಿಡಿಯೊ ಹಾಕಿಸಿದರು. ಹಳೆಯ ಸೀರೆಯ ಹೂಗಳ ಹಿಂದಿನಿಂದ ಪುಟ್ಟಕ್ಕನದೇ ದನಿ ಖಣಿಲ್ಲನೆ ಬಂತು: ಒಡಿಲೋ ಏದೋ ನಿಂಪುಕೊಚ್ಚಿಂದಂಟ ಸಾರ್. ಹಿಂದೆಯೇ ಲಾರಿಯ ಸದ್ದು.

“ಇದು ನಿನ್ನ ದನಿಯೇ?”

“ನಂದೇ.”

“ಏನೋ ತುಂಬಿಕೊಂಡು ಬಂದೆ ಎಂದು ಆಕೆ ಹೇಳಿದಳು ಅಂತ ಆಗ ಅಂದೆ. ಈಗ ಅಕ್ಕಿ ಅಂತೀಯ. ಆವತ್ತು ಸುಳ್ಳೋ, ಇವತ್ತು ಸುಳ್ಳೋ?”

ಪುಟ್ಟಕ್ಕ ಬಾಯಿ ತೆರೆಯುವ ಮೊದಲು ನ್ಯಾಯಾಧೀಶರೇ ನಡುವೆ ಬಂದರು. ವಯಸ್ಸಾದವರು, ಕರ್ನೂಲಿನ ಕಡೆಯವರು. ದನಿಯಲ್ಲಿ ಗದರಿಕೆಯಿರಲಿಲ್ಲ. “ನೋಡಮ್ಮ, ಆಕೆ ರಾಯದುರ್ಗದ ಕಡೆಯವಳು. ಆ ಕಡೆಯ ಕನ್ನಡ ಬೇರೆ ಅಂತಾರೆ. ಆಕೆ ಅಂದದ್ದು ನಿನಗೆ ಸರಿಯಾಗಿ ಅರ್ಥವಾಗಿರಲಿಕ್ಕಿಲ್ಲ, ಅಲ್ಲವೇ?”

ಅದು ತಪ್ಪಿಸಿಕೊಳ್ಳುವ ಬಾಗಿಲು. ಹೌದು ಸ್ವಾಮಿ ಎಂದರೆ ಸಾಕಿತ್ತು. ಪೊಲೀಸರದೂ ತಪ್ಪಲ್ಲ, ಅವಳದೂ ತಪ್ಪಲ್ಲ, ಭಾಷೆಯದು ತಪ್ಪು ಎಂದಾಗುತ್ತಿತ್ತು. ಬಹುಶಃ ಕೆಲಸವೂ ಉಳಿಯುತ್ತಿತ್ತು. ಆದರೆ ಸ್ವಪ್ನಾ ಏನೋ ಅಸ್ಪಷ್ಟವಾಗಿ ಅಂದಳು ಎಂದು ಕಾಗದದಲ್ಲಿ ಉಳಿಯುತ್ತಿತ್ತು. ಆ ‘ಏನೋ’ ಅವಳ ಬಾಯಲ್ಲೇ ಉಳಿಯುತ್ತಿತ್ತು.

“ಅರ್ಥ ಆಗಿತ್ತು ಸ್ವಾಮಿ” ಎಂದಳು ಪುಟ್ಟಕ್ಕ. “ಆಯಮ್ಮ ಮಡ್ಲಕ್ಕಿ ಅಂದಿದ್ದು. ಮುಟ್ಟಬೇಡಿ ಅಂದಿದ್ದು. ಬಟ್ಟೆ ಮ್ಯಾಲೆ ಕೈ ಇಟ್ಟಾಗ್ಲೇ ಅಕ್ಕಿ ಅಂತ ನಂಗೆ ಗೊತ್ತಾಗಿತ್ತು. ಏದೋ ಅಂತ ಸೇರ್ಸಿದ್ದು ನಾನು.”

ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. “ಯಾಕೆ?”

ಕಟಕಟೆಯ ಮರವನ್ನು ಅವಳು ಉಗುರಿನಿಂದ ಕೆರೆದಳು. “ಅದ್ಕೆ ಜವಾಬಿಲ್ಲ ಸ್ವಾಮಿ. ತಪ್ಪು ಅಂತ ಬರ್ಕಳಿ.”

ಬರೆದುಕೊಂಡರು. ಕನ್ನಡದಲ್ಲಿ ಸಹಿ ಹಾಕುವ ಮೊದಲು ಪುಟ್ಟಕ್ಕ ಇಡೀ ಹಾಳೆಯನ್ನು ಗುಮಾಸ್ತನಿಂದ ಓದಿ ಹೇಳಿಸಿಕೊಂಡಳು. ಕೋರ್ಟು ಕಾಯಬೇಕಾಯಿತು.

ಜಗಲಿಯಲ್ಲಿ ಸ್ವಪ್ನಾ ಅವಳಿಗಾಗಿ ನಿಂತಿದ್ದಳು.

“ಗೊತ್ತಿದ್ದೂ ಬಿಚ್ಚಿದ್ರಿ?”

“ಹೂಂ ಕಣವ್ವ.”

“ಯಾಕ?”

ಒಳಗೆ ಇಲ್ಲವೆಂದ ಜವಾಬು ಪುಟ್ಟಕ್ಕನ ಹತ್ತಿರ ಇತ್ತು. ಬಾಣಲೆ, ಫೋನು, ನಾದಿನಿ, ಮೊರ. ಅದನ್ನು ಹೇಳಿದರೆ ಈ ಹುಡುಗಿಯ ಕಣ್ಣು ಮೆತ್ತಗಾಗಬಹುದು. ಹಾಗೆ ಮೆತ್ತಗೆ ಮಾಡುವುದೂ ಇನ್ನೊಂದು ಸಲ ಅವಳ ಗಂಟು ಬಿಚ್ಚಿದಂತೆ ಎನ್ನಿಸಿತು. “ಹೊಟ್ಟೆಕಿಚ್ಚು” ಎಂದಷ್ಟೇ ಹೇಳಿದಳು.

ಸ್ವಪ್ನಾ ಜಗಲಿಯ ಮೆಟ್ಟಿಲಿಳಿದು ತಿರುಗಿ ನಿಂತಳು. “ಕೋರ್ಟಿಗೆ ಹೇಳಿದ್ದು ನಮ್ಮ ಮನಿಗೆ ಕೇಳ್ಸಂಗಿಲ್ರಿ. ನಮ್ಮತ್ತಿ ಮುಂದ ಬಂದು ಹೇಳ್ತೀರೇನು?”

ಅಂಗಡಿ ಬೀದಿಯ ಹಿಂದಿನ ಮನೆ. ಪುಟ್ಟಕ್ಕ ಮೆಟ್ಟಿಲ ಕೆಳಗೆ ನಿಂತಳು. ಅಂಬಮ್ಮ ಹಣೆಗೆ ವಿಭೂತಿ ಹಚ್ಚಿಕೊಂಡು ಹೊಸ್ತಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಚೀಲ ಸೊಸೆಯದಲ್ಲ, ಉಡಿಯಲ್ಲಿ ಪ್ಯಾಕೆಟ್ಟಿರಲಿಲ್ಲ, ಸೊಸೆ ಬೇಡವೆಂದಳು, ಬಿಚ್ಚಿದ್ದು ನಾನು. ಕೇಳುತ್ತ ಕೇಳುತ್ತ ಅಂಬಮ್ಮನ ಕಣ್ಣು ಪುಟ್ಟಕ್ಕನ ಬರಿಯ ಹಣೆಗೆ ಹೋಯಿತು, ಅಲ್ಲಿಂದ ಬರಿಯ ಕೈಗೆ.

“ಗಂಡ ಇಲ್ವಾ ನಿಂಗೆ?”

“ಇಲ್ಲಮ್ಮ. ತೀರ್ಕಂಡ್ರು.”

“ಶಿವನೇ! ಬಿಚ್ಚಿದ್ದು ಸಾಲ್ದು ಅಂತ ಅದೂ ಇಂಥಾ ಕೈಯಿಂದ.” ಅಂಬಮ್ಮ ಸೊಸೆಯ ಕಡೆ ತಿರುಗಿದಳು. “ಇದನ್ನ ಕೇಳ್ಸೋಕೆ ಕರ್ಕಂಡು ಬಂದ್ಯಾ? ಪೊಲೀಸಮ್ಮ ಅಂತಿದ್ದೆ ನಾನು. ಆಗೋ ಅನಿಷ್ಟ ಎಲ್ಲಾ ಆಗೋಯ್ತು, ಬಿಡು.”

ಸರಿಪಡಿಸಲೆಂದು ಪುಟ್ಟಕ್ಕ ತಂದ ನಿಜ, ಹುಡುಗಿಯ ಮೇಲೆ ಇನ್ನೊಂದು ಹೊರೆ ಹೇರಿತ್ತು. ಬೆಳಿಗ್ಗೆ ಸುಳ್ಳು ಹೇಳಿದ್ದರೆ ಒಂದು ಕೆಡುಕು, ಈಗ ನಿಜ ಹೇಳಿ ಇನ್ನೊಂದು. ಒಂಬತ್ತು ವರ್ಷದಿಂದ ತನ್ನದೇ ಮನೆಯವರು ನಯವಾದ ಮಾತಿನಲ್ಲಿ ಸುತ್ತಿ ಹೇಳುತ್ತಿದ್ದದ್ದನ್ನು ಈ ಹೆಂಗಸು ಬಿಚ್ಚಿ ಹೇಳಿದ್ದಳು. ತಿರುಗಿ ಹೊರಡಬೇಕು ಎಂದುಕೊಳ್ಳುವಷ್ಟರಲ್ಲಿ ಸ್ವಪ್ನಾ ಮಾತಾಡಿದಳು.

“ಅತ್ತಿ, ಆಕಿ ಗಂಡ ಸತ್ತದ್ದು ಆಕಿ ತಪ್ಪಲ್ಲ. ಅದನ್ನ ಇದರಾಗ ತರಬ್ಯಾಡ್ರಿ.” ಅವಳು ಒಂದು ಮೆಟ್ಟಿಲು ಹತ್ತಿದಳು. “ಸುಳ್ಳಾಡಿದ್ದು ಆಕಿ ಬಾಯಿ. ಕೈಗೆ ಯಾವ ದೋಷನೂ ಇಲ್ಲ. ಆ ಬಾಯಿನ್ನ ನಾನು ಮರೆಯಂಗಿಲ್ಲ. ಕೈಗೆ ಏನರ ಅಂದ್ರ ನಾನು ಕೇಳಂಗಿಲ್ಲ.”

ಒಳಗಿನಿಂದ ಕುಕ್ಕರಿನ ಸೀಟಿ ಕೂಗಿತು. “ಮೊದ್ಲು ಒಲೆ ನೋಡು ಹೋಗು” ಎಂದಳು ಅಂಬಮ್ಮ. ಸ್ವಪ್ನಾ ಒಳಗೆ ಹೋದಳು. ಪುಟ್ಟಕ್ಕನ ಕಡೆ ನೋಡಲಿಲ್ಲ, ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ.

ಪುಟ್ಟಕ್ಕ ಅಂಗಡಿ ಬೀದಿ ಹಿಡಿದು ಬಸ್ ನಿಲ್ದಾಣದ ಕಡೆ ನಡೆದಳು. ಠಾಣೆಗೆ ಇನ್ನು ಬರಬೇಡವೆಂದು ನಾಳೆ ಯಾರಾದರೂ ಹೇಳುತ್ತಾರೆ. ಅದು ಅವಳನ್ನು ಅಷ್ಟಾಗಿ ಕಾಡಲಿಲ್ಲ. ಆ ಹುಡುಗಿ ಬಾಯಿಗೆ ಬಂದಂತೆ ಬೈದಿದ್ದರೆ ಬೈಸಿಕೊಂಡೆನಲ್ಲ ಎಂದಾದರೂ ತಲೆಯೆತ್ತಬಹುದಿತ್ತು. ಅವಳು ತನ್ನ ಪರವಾಗಿ ಮಾತಾಡಿದ್ದಳು, ಅದೇ ಭಾರವಾಗಿತ್ತು. ಬಸ್ಸಿನಲ್ಲಿ ಪಕ್ಕದವಳು “ಯಾವೂರು ನಿಮ್ದು?” ಎಂದು ಕೇಳಿದಾಗ, ಪುಟ್ಟಕ್ಕ ಮಡಿಲಲ್ಲಿದ್ದ ತನ್ನ ಬರಿಯ ಕೈಗಳಿಂದ ಕಣ್ಣೆತ್ತಿ “ಹುಣಸೆಕಟ್ಟೆ” ಎಂದಳು.